ಮೇಲೆ 16, ಕೆಳಗೆ 8: ಡಚ್ ಓವನ್ ಹಿಡಿದು ಕ್ಯಾಂಪಿಂಗ್‌ಗೆ ಹೊರಟವರಿಗೆ

ಡಚ್ ಓವನ್ ಕೊಂಡ ನಮ್ಮವರಲ್ಲಿ ಹೆಚ್ಚಿನವರು ಅದರಲ್ಲಿ ಮೊದಲು ಮಾಡುವುದು ಸಾಂಬಾರು. ಸಾಂಬಾರಿಗಾಗಿ ಒಂಬತ್ತು ಕಿಲೋ ತೂಕದ ಬೀಡಿನ, ಅಂದರೆ ಎರಕದ ಕಬ್ಬಿಣದ, ಪಾತ್ರೆಯನ್ನು ಕಾರಿನ ಡಿಕ್ಕಿಗೆ ಏರಿಸಿ ಬೆಟ್ಟ ಹತ್ತಬೇಕಾಗಿಲ್ಲ, ಮನೆಯ ಸ್ಟೀಲ್ ಪಾತ್ರೆಯೇ ಧಾರಾಳವಾಯಿತು. ಈ ಪಾತ್ರೆಯ ಜಾಣ್ಮೆಯೆಲ್ಲ ಇರುವುದು ಮುಚ್ಚಳದಲ್ಲಿ. ಅಂಚು ಎತ್ತಿದ ಆ ಮುಚ್ಚಳದ ಮೇಲೆ ಕೆಂಡ ನಿಲ್ಲುತ್ತದೆ, ಒಳಗಿನ ಅಡುಗೆ ಮೇಲಿನಿಂದಲೂ ಬೇಯುತ್ತದೆ. ಹಾಗಾಗಿ ನನ್ನ ಮೊದಲ ಸಲಹೆ ಇಷ್ಟೇ: ಮೊದಲ ದಿನವೇ ಏನನ್ನಾದರೂ ಬೇಕ್ ಮಾಡಿ. ಕುದಿಸುವುದು ನಿಮಗೆ ಆಗಲೇ ಗೊತ್ತಿದೆ.

ತುಳುನಾಡಿನವರಿಗೆ ಈ ವಿದ್ಯೆ ಹೊಸದಲ್ಲ. ಅಕ್ಕಿ, ಬೆಲ್ಲ, ತೆಂಗಿನಕಾಯಿಯ ಜೊತೆ ಸೌತೆಕಾಯಿಯನ್ನೋ ಹಲಸಿನ ಹಣ್ಣನ್ನೋ ಸೇರಿಸಿದ ಹಿಟ್ಟನ್ನು ಬಾಳೆಲೆ ಹಾಸಿದ ಪಾತ್ರೆಗೆ ಸುರಿದು, ಕೆಳಗೂ ಮುಚ್ಚಳದ ಮೇಲೂ ಕೆಂಡ ಹರಡಿ ಗೆಂಡದಡ್ಯೆ ಮಾಡುತ್ತಿದ್ದರು. ಕಾರ್ಕಳದ ಹತ್ತಿರ ಹುಟ್ಟಿದ ನಾನು ಈಗ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿದ್ದೇನೆ. ಬೇಸಿಗೆ ಬಂತೆಂದರೆ ನಾಲ್ಕಾರು ಕನ್ನಡ ಕುಟುಂಬಗಳು ಸೇರಿ ಲ್ಯಾಸನ್ ರಾಷ್ಟ್ರೀಯ ಉದ್ಯಾನದ ಕಡೆಗೋ ಸಿಯೆರಾ ಬೆಟ್ಟಗಳಿಗೋ ಡೇರೆ ಕಟ್ಟಲು ಹೋಗುತ್ತೇವೆ. ಅಲ್ಲಿ ಅಮೆರಿಕದವರು ಇದೇ ಕೆಲಸವನ್ನು ಮೂರು ಕಾಲಿನ ಬೀಡಿನ ಪಾತ್ರೆಯಲ್ಲಿ ಮಾಡುತ್ತಾರೆ. ಅವರಿಗೆ ಇದರ ಮೇಲೆ ಎಷ್ಟು ಅಭಿಮಾನವೆಂದರೆ, ಯೂಟಾ ರಾಜ್ಯ 1997ರಲ್ಲಿ ಡಚ್ ಓವನ್ನನ್ನು ತನ್ನ ಅಧಿಕೃತ ಅಡುಗೆ ಪಾತ್ರೆಯೆಂದು ಘೋಷಿಸಿಬಿಟ್ಟಿತು. ರಾಜ್ಯಕ್ಕೊಂದು ಹಕ್ಕಿ, ರಾಜ್ಯಕ್ಕೊಂದು ಹೂವು ಇರುವಂತೆ ಅಲ್ಲಿ ರಾಜ್ಯಕ್ಕೊಂದು ಪಾತ್ರೆಯೂ ಇದೆ.

ಕೊಳ್ಳುವಾಗ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಡಚ್ ಓವನ್ ಎಂದು ಕೇಳಿದರೆ ಎರಡು ಬಗೆಯವನ್ನು ತೋರಿಸುತ್ತಾರೆ. ಕೆಂಪು, ನೀಲಿ ಎನಾಮೆಲ್ ಹಚ್ಚಿದ, ತಳ ಚಪ್ಪಟೆಯಾದ, ಮುಚ್ಚಳ ಗುಮ್ಮಟದಂತಿರುವ ಪಾತ್ರೆ ಅಡುಗೆಮನೆಯದು. ಅದನ್ನು ಕೆಂಡದ ಮೇಲಿಟ್ಟರೆ ಎನಾಮೆಲ್ ಬಿರುಕು ಬಿಡಬಹುದು, ಮೇಲಿಟ್ಟ ಕೆಂಡ ಜಾರಿ ನಿಮ್ಮ ಕಾಲಿನ ಮೇಲೆ ಬೀಳುತ್ತದೆ. ನಿಮಗೆ ಬೇಕಾದದ್ದು ಕ್ಯಾಂಪ್ ಡಚ್ ಓವನ್: ಮೂರು ಗಿಡ್ಡ ಕಾಲು, ಚಪ್ಪಟೆ ಮುಚ್ಚಳ, ಆ ಮುಚ್ಚಳಕ್ಕೆ ಸುತ್ತಲೂ ಬೆರಳಗಲದ ದಂಡೆ, ಎತ್ತಲು ಬಕೆಟ್ಟಿಗಿರುವಂತಹ ತಂತಿ ಹಿಡಿಕೆ. ಟೆನ್ನೆಸ್ಸಿಯ ಸೌತ್ ಪಿಟ್ಸ್‌ಬರ್ಗ್‌ನಲ್ಲಿ 1896ರಿಂದ ಬೀಡು ಎರಕ ಹೊಯ್ಯುತ್ತಿರುವ ಲಾಡ್ಜ್ ಕಂಪನಿಯದ್ದು ಎಲ್ಲ ಕಡೆಯೂ ಸಿಗುತ್ತದೆ. ಮೊದಲನೆಯದಕ್ಕೆ 12 ಇಂಚು ಅಗಲದ, 6 ಕ್ವಾರ್ಟ್ ಹಿಡಿಯುವ ಗಾತ್ರವೇ ಸರಿ. ಅಂದರೆ ಸುಮಾರು ಐದೂಮುಕ್ಕಾಲು ಲೀಟರು, ಆರೇಳು ಜನರಿಗೆ ಸಾಕು. 14 ಇಂಚಿನದನ್ನು ನೋಡಿ ಮನಸ್ಸು ಹಿಗ್ಗುತ್ತದೆ, ತುಂಬಿದ ಮೇಲೆ ಎತ್ತುವಾಗ ಸೊಂಟ ಕುಗ್ಗುತ್ತದೆ. ಅಂಗಡಿಯಲ್ಲೇ ಮುಚ್ಚಳವಿಟ್ಟು ಸುತ್ತಲೂ ಒತ್ತಿ ನೋಡಿ. ಕಟಕಟ ಎಂದು ಅಲ್ಲಾಡಿದರೆ ಬೇರೆಯದನ್ನು ಕೇಳಿ.

ನಮ್ಮ ಗುಂಪುಗಳಿಗೆ ಇನ್ನೊಂದು ಪ್ರಶ್ನೆ ಇದೆ, ಅಮೆರಿಕದ ಯಾವ ಕೈಪಿಡಿಯೂ ಅದನ್ನು ಎತ್ತುವುದಿಲ್ಲ. ಬೀಡು ಎಣ್ಣೆಯನ್ನೂ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನಿನ್ನೆ ಕೋಳಿ ಬೆಂದ ಪಾತ್ರೆಯಲ್ಲಿ ಇವತ್ತು ಪಾಯಸ ಮಾಡಿದರೆ ಸಸ್ಯಾಹಾರಿಗಳು ಮುಖ ತಿರುಗಿಸುತ್ತಾರೆ; ಅದರಲ್ಲಿ ಅವರ ತಪ್ಪೇನೂ ಇಲ್ಲ. ಗುಂಪಿನಲ್ಲಿ ಎರಡೂ ಬಗೆಯವರಿದ್ದರೆ ಎರಡು ಪಾತ್ರೆ ಇಟ್ಟುಕೊಳ್ಳಿ: 12 ಇಂಚಿನದು ಒಂದು, 10 ಇಂಚಿನದು ಒಂದು. ಹಿಡಿಕೆಗೆ ಬೇರೆ ಬೇರೆ ಬಣ್ಣದ ತಂತಿ ಸುತ್ತಿ. ಕತ್ತಲಲ್ಲಿ ಚರ್ಚೆ ತಪ್ಪುತ್ತದೆ.

ಪಾತ್ರೆಯ ಜೊತೆಗೆ ಬೇಕಾದ ಸಾಮಾನು ಕಡಿಮೆ, ಆದರೆ ಅದಿಲ್ಲದೆ ಹೊರಡಬೇಡಿ. ಮುಚ್ಚಳ ಎತ್ತುವ ಕೊಕ್ಕೆ, ಮೊಣಕೈ ಹತ್ತಿರದವರೆಗೆ ಬರುವ ಚರ್ಮದ ಕೈಗವಸು, ಉದ್ದನೆಯ ಇಕ್ಕಳ, ಬೂದಿ ಗುಡಿಸಲು ಪುಟ್ಟ ಪೊರಕೆ, ಕೆಂಡ ಹೊತ್ತಿಸುವ ಚಿಮಣಿ ಡಬ್ಬಿ. ಬಿಸಿ ಮುಚ್ಚಳವನ್ನು ಇಡಲು ಒಂದು ಸ್ಟ್ಯಾಂಡ್. ಮಣ್ಣಿನ ಮೇಲಿಟ್ಟರೆ ಅಲ್ಲಿನ ಮರಳೆಲ್ಲ ಮರಳಿ ಪಾತ್ರೆಗೇ ಬೀಳುತ್ತದೆ. ಕಾಲಿಗೆ ಬೂಟು. ಚಪ್ಪಲಿ ಹಾಕಿಕೊಂಡು ಕೆಂಡದ ಪಕ್ಕ ಓಡಾಡುವ ನಮ್ಮ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬನ್ನಿ. ಜೋತಾಡುವ ದುಪಟ್ಟಾ, ಸೆರಗನ್ನು ಗಟ್ಟಿಯಾಗಿ ಸಿಕ್ಕಿಸಿಕೊಳ್ಳಿ.

ಪಾತ್ರೆ ಪಳಗಿಸುವ ವಿಷಯದಲ್ಲಿ ದೋಸೆ ಕಾವಲಿ ಪಳಗಿಸಿದವರಿಗೆ ಪಾಠ ಬೇಕಿಲ್ಲ. ಈಗ ಬರುವ ಹೊಸ ಪಾತ್ರೆಗಳು ಹೆಚ್ಚಾಗಿ ಕಾರ್ಖಾನೆಯಲ್ಲೇ ಪಳಗಿ ಬರುತ್ತವೆ. ಬಿಸಿ ನೀರಿನಲ್ಲಿ ತೊಳೆದು, ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿದರೆ ಕೆಲಸಕ್ಕೆ ಸಿದ್ಧ. ಹಳೆಯದು ತುಕ್ಕು ಹಿಡಿದಿದ್ದರೆ ಉಕ್ಕಿನ ನಾರಿನಿಂದ ತಿಕ್ಕಿ, ಒಣಗಿಸಿ, ಸಾಮಾನ್ಯ ಅಡುಗೆ ಎಣ್ಣೆ ಹಚ್ಚಿ, ಮನೆಯ ಓವನ್ನಿನಲ್ಲಿ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೋರಲಾಗಿ ಒಂದು ಗಂಟೆ ಇಡಿ, ಒಳಗೇ ತಣಿಯಲು ಬಿಡಿ. ಎಣ್ಣೆ ಹಚ್ಚಿದ ಮೇಲೆ, ಹಚ್ಚಿದ್ದೇ ತಪ್ಪಾಯಿತು ಎನ್ನುವಂತೆ ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು. ದಪ್ಪಗೆ ಬಿಟ್ಟರೆ ಅಂಟಂಟಾಗಿ ಉಳಿಯುತ್ತದೆ.

ಈಗ ಕೆಂಡದ ಲೆಕ್ಕ. ವೃತ್ತಿಯಲ್ಲಿ ನಾನು ಫಾರ್ಮಸಿಸ್ಟ್, ಎಣಿಸಿ ಕೊಡುವುದೇ ಕಸುಬು. ಇದ್ದಿಲಿನ ಬಿಲ್ಲೆಯನ್ನು ನಾನು ಮಾತ್ರೆಯಂತೆಯೇ ಕಾಣುತ್ತೇನೆ: ಒಂದೊಂದಕ್ಕೂ ಇಷ್ಟು ಶಾಖ ಎಂದಿದೆ, ಅಂದಾಜಿಗೆ ಸುರಿಯುವ ಮಾತಿಲ್ಲ. ಸೂತ್ರ ಸರಳ. ಪಾತ್ರೆಯ ಅಗಲ ಎಷ್ಟು ಇಂಚೋ ಅದರ ಎರಡರಷ್ಟು ಬಿಲ್ಲೆ ಇಟ್ಟರೆ ಒಳಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಶಾಖ ಸಿಗುತ್ತದೆ. 12 ಇಂಚಿಗೆ 24, 10 ಇಂಚಿಗೆ 20. ಎರಡು ಬಿಲ್ಲೆ ಹೆಚ್ಚಿಸಿದರೆ ಸುಮಾರು 14 ಡಿಗ್ರಿ ಏರುತ್ತದೆ. ಕಿಂಗ್ಸ್‌ಫರ್ಡ್‌ನಂತಹ, ದಿಂಬಿನ ಆಕಾರದ ಸಾಮಾನ್ಯ ಬಿಲ್ಲೆಗಳಿಗೆ ಈ ಲೆಕ್ಕ ಹೊಂದುತ್ತದೆ. ಮರದ ತುಂಡಿನಂತೆಯೇ ಇರುವ ಇದ್ದಿಲು ಒಂದೊಂದು ಒಂದೊಂದು ಗಾತ್ರ. ಅದಕ್ಕೆ ಲೆಕ್ಕ ಹತ್ತುವುದಿಲ್ಲ. ಕಟ್ಟಿಗೆಯ ಕೆಂಡಕ್ಕೂ ಅದೇ ಮಾತು. ಅದು ಕೈ ಪಳಗಿದವರಿಗೆ ಇರಲಿ.

ಒಟ್ಟು ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎಷ್ಟು ಎನ್ನುವುದು ಮುಖ್ಯ. ಬೇಕ್ ಮಾಡಲು ಮೂರರಲ್ಲಿ ಎರಡು ಪಾಲು ಮೇಲೆ, ಒಂದು ಪಾಲು ಕೆಳಗೆ: 12 ಇಂಚಿಗೆ ಮೇಲೆ 16, ಕೆಳಗೆ 8. ಶಾಖ ಮೇಲಕ್ಕೇ ಏರುವುದರಿಂದ ಕೆಳಗಿನ ಎಂಟೂ ಹೆಚ್ಚೇ ಕೆಲಸ ಮಾಡುತ್ತವೆ. ಕೆಳಗೆ ಹೆಚ್ಚು ಇಟ್ಟರೆ ತಳ ಹತ್ತಿ ಮೇಲೆ ಹಸಿಯಾಗಿಯೇ ಇರುತ್ತದೆ. ಕೋಳಿಯನ್ನೋ ಆಲೂಗಡ್ಡೆಯನ್ನೋ ಹುರಿದಂತೆ ಬೇಯಿಸಲು ಮೇಲೆ ಕೆಳಗೆ ಸಮ. ಪಲಾವ್, ಹುಳಿ, ಸಾರಿಗೆ ತಿರುಗಾಮುರುಗಾ: ಕೆಳಗೆ ಎರಡು ಪಾಲು, ಮೇಲೆ ಒಂದು. ಒಗ್ಗರಣೆಗೆ, ಕರಿಯಲು ಎಲ್ಲವೂ ಕೆಳಗೆ.

ಜೋಡಿಸುವುದೂ ಒಂದು ಕೈಚಳಕ. ಕೆಳಗಿನವನ್ನು ಪಾತ್ರೆಯ ಅಂಚಿನ ಒಳಗೆ ಬರುವಂತೆ ಬಳೆಯಾಕಾರದಲ್ಲಿ ಇಡಿ, ನಡುವೆ ಒಂದನ್ನೂ ಇಡಬೇಡಿ. ನಡುವಿಟ್ಟರೆ ಅದರ ನೇರಕ್ಕೆ ರೂಪಾಯಿಯಗಲ ಕಪ್ಪು ಗುರುತು ಖಚಿತ. ಮೇಲಿನ 16ರಲ್ಲಿ 12ನ್ನು ದಂಡೆಗೆ ತಾಗಿಸಿ ಸುತ್ತಲೂ ಇಟ್ಟು ಉಳಿದ ನಾಲ್ಕನ್ನು ಹಿಡಿಕೆಯ ಸುತ್ತ ಇಡಿ. ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ಇಡೀ ಪಾತ್ರೆಯನ್ನು ಬಲಕ್ಕೆ ಕಾಲು ಸುತ್ತು, ಮುಚ್ಚಳವನ್ನು ಎತ್ತದೆಯೇ ಎಡಕ್ಕೆ ಕಾಲು ಸುತ್ತು ತಿರುಗಿಸಿ. ಒಂದು ಕೆಂಡ ಜೋರಾಗಿ ಉರಿಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ತಿರುಗಿಸಿದರೆ ಎಲ್ಲ ಕಡೆಗೂ ನ್ಯಾಯ ಸಿಗುತ್ತದೆ.

ಹೊತ್ತಿಸಲು ಚಿಮಣಿ ಡಬ್ಬಿಯ ತಳಕ್ಕೆ ಎರಡು ಹಾಳೆ ವೃತ್ತಪತ್ರಿಕೆ ಮುದುರಿ ತುರುಕಿ, ಮೇಲೆ ಬಿಲ್ಲೆ ತುಂಬಿ, ಕಾಗದಕ್ಕೆ ಕಡ್ಡಿ ಗೀರಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮೇಲಿನ ಬಿಲ್ಲೆಗಳ ಅಂಚಿಗೆ ಬಿಳಿ ಬೂದಿ ಕಟ್ಟುತ್ತದೆ. ಆಗ ಸಿದ್ಧ. ಸೀಮೆಎಣ್ಣೆಯ ಜಾತಿಯ ದ್ರವ ಸುರಿಯುವುದು, ದ್ರವ ನೆನೆಸಿಯೇ ಮಾರುವ ಬಿಲ್ಲೆ ತರುವುದು ಬೇಡ, ಬೆಲ್ಲದ ಪದಾರ್ಥಕ್ಕೂ ಆ ವಾಸನೆ ಹತ್ತುತ್ತದೆ. ಒಂದು ಸಲ ಹೊತ್ತಿದ ಬಿಲ್ಲೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೆಲಸಕ್ಕೆ ಬರುತ್ತದೆ. ಅದಕ್ಕಿಂತ ಉದ್ದದ ಅಡುಗೆಯಾದರೆ ಅರ್ಧ ಗಂಟೆಯ ಹೊತ್ತಿಗೇ ಎರಡನೆಯ ಕಂತು ಹೊತ್ತಿಸಲು ಇಡಿ.

ಗಾಳಿಯೇ ಈ ಲೆಕ್ಕದ ಶತ್ರು. ಗಾಳಿ ಬೀಸಿದರೆ ಕೆಂಡ ರಭಸದಿಂದ ಉರಿದು ಬೇಗ ಮುಗಿಯುತ್ತದೆ, ಗಾಳಿಯ ಕಡೆಯ ಪಕ್ಕ ಸೀಯುತ್ತದೆ. ಬೆಂಕಿ ಬಳೆಯೊಳಗೆ ಪಾತ್ರೆ ಇಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಕ್ಯಾಂಪಿನ ಪ್ರತಿ ಜಾಗದಲ್ಲೂ ಕಬ್ಬಿಣದ ಇಂಥ ಬಳೆ ಇರುವುದು ಸಾಮಾನ್ಯ. ಚಳಿ ಹೆಚ್ಚಿದ್ದರೆ ಮೇಲಕ್ಕೆ ಎರಡು ಬಿಲ್ಲೆ ಸೇರಿಸಿ.

ಮೊದಲ ಅಡುಗೆಗೆ ನನ್ನ ಆಯ್ಕೆ ಗೆಂಡದಡ್ಯೆಯೇ. ತಯಾರಿಯ ಅರ್ಧ ಭಾಗವನ್ನು ಮನೆಯಲ್ಲೇ ಮುಗಿಸಬಹುದು. ಇಡ್ಲಿ ರವೆ ಎರಡು ಕಪ್, ಒಣಗಿಯೇ ಘಮ್ಮೆನ್ನುವಷ್ಟು ಹುರಿದು ಡಬ್ಬಿಗೆ ಹಾಕಿಕೊಳ್ಳಿ. ಒಂದೂವರೆ ಕಪ್ ಪುಡಿ ಬೆಲ್ಲ, ಒಂದು ಕಪ್ ತೆಂಗಿನ ತುರಿ, ನಾಲ್ಕೈದು ಏಲಕ್ಕಿಯ ಪುಡಿ, ಚಿಟಿಕೆ ಉಪ್ಪು ಬೇರೆ ಕಟ್ಟಿಕೊಳ್ಳಿ. ಕ್ಯಾಂಪಿನಲ್ಲಿ ಸೌತೆಕಾಯಿ ತುರಿದು ನೀರಿನ ಸಮೇತ ನಾಲ್ಕು ಕಪ್ ಅಳೆಯಿರಿ. ಊರಿನ ಬಲಿತ ಸೌತೆ ಇಲ್ಲಿ ಸಿಗುವುದಿಲ್ಲ, ಅಂಗಡಿಯ ಉದ್ದನೆಯ ಎಳೆ ಸೌತೆಯಲ್ಲಿ ನೀರೇ ಹೆಚ್ಚು. ಹಿಂಡುವ ಅಗತ್ಯವಿಲ್ಲ, ರವೆ ಅದನ್ನು ಕುಡಿಯುತ್ತದೆ. ಗ್ಯಾಸ್ ಸ್ಟೌ ಮೇಲೆ ಸೌತೆಯೂ ಬೆಲ್ಲವೂ ಕರಗಿ ಕುದಿ ಬಂದ ಮೇಲೆ ರವೆ ಸುರಿಯುತ್ತಾ ಕೈಯಾಡಿಸಿ. ಸೌಟು ಎತ್ತಿದರೆ ಹಿಟ್ಟು ಜಾರದೆ ಉಂಡೆಯಾಗಿ ಬೀಳುವ ಹದಕ್ಕೆ ಬಂದಾಗ ಇಳಿಸಿ, ತೆಂಗಿನ ತುರಿ, ಏಲಕ್ಕಿ, ಉಪ್ಪು ಬೆರೆಸಿ.

ಒಂಬತ್ತು ಇಂಚಿನ ಕೇಕ್ ತಟ್ಟೆಗೆ ಬಾಳೆಲೆ ಹಾಸಿ ತುಪ್ಪ ಸವರಿ. ಬಾಳೆಲೆ ಏಷ್ಯನ್, ಮೆಕ್ಸಿಕನ್ ಅಂಗಡಿಗಳ ಫ್ರೀಜರಿನಲ್ಲಿ ಸಿಗುತ್ತದೆ. ಕರಗಿದ ಮೇಲೆ ಕೆಂಡದ ಮೇಲೆ ಒಮ್ಮೆ ಆಡಿಸಿ, ಬಣ್ಣ ಕಡು ಹಸಿರಾಗಿ ಮೈ ಬಳುಕಿದರೆ ಹರಿಯುವುದಿಲ್ಲ. ಹಿಟ್ಟು ತುಂಬಿ ಇನ್ನೊಂದು ಎಲೆ ಮುಚ್ಚಿ. ಪಾತ್ರೆಯ ತಳಕ್ಕೆ ಒಂದು ಪುಟ್ಟ ಲೋಹದ ಬಳೆಯಿಟ್ಟು ಅದರ ಮೇಲೆ ತಟ್ಟೆ ಇಡಿ. ತಟ್ಟೆಯ ಅಡಿಗೆ ಗಾಳಿ ಆಡಿದರೆ ತಳ ಸೀಯುವುದಿಲ್ಲ. ಮುಚ್ಚಳ ಮುಚ್ಚಿ, ಮೇಲೆ 16, ಕೆಳಗೆ 8. ಗಡಿಯಾರ ನೋಡಿಕೊಳ್ಳಿ.

ಇನ್ನು ಮುಂದಿನ ಮುಕ್ಕಾಲು ಗಂಟೆ ಕೈ ಕಟ್ಟಿ ಕುಳಿತುಕೊಳ್ಳುವುದೇ ಕಷ್ಟದ ಕೆಲಸ. ಸುತ್ತ ನಿಂತ ಪ್ರತಿಯೊಬ್ಬರೂ ಒಮ್ಮೆ ತೆಗೆದು ನೋಡೋಣ ಎನ್ನುತ್ತಾರೆ. ಒಮ್ಮೆ ತೆಗೆದರೆ ಒಳಗಿನ ಬಿಸಿ ಹಾರಿ ಬೇಯುವ ಸಮಯ ಐದಾರು ನಿಮಿಷ ಮುಂದಕ್ಕೆ ಹೋಗುತ್ತದೆ. ನೋಡಬೇಕಾದದ್ದು ಮೂಗಿನಿಂದ. ಮೊದಲು ಹಸಿ ಸೌತೆಯ ವಾಸನೆ, ಆಮೇಲೆ ಬೆಲ್ಲ, ಕೊನೆಗೆ ಎಲೆ ಸುಟ್ಟ ವಾಸನೆಯೂ ತುಪ್ಪವೂ ಬೆರೆತು ಬರುತ್ತದೆ. ಸುಮಾರು 40 ನಿಮಿಷಕ್ಕೆ ಅದು ಬಂದಾಗ ಮುಚ್ಚಳ ತೆಗೆಯುವ ಹಕ್ಕು ನಿಮ್ಮದು. ತೆಗೆಯುವ ಮುಂಚೆ ಪೊರಕೆಯಿಂದ ದಂಡೆಯ ಬೂದಿಯನ್ನು ಗಾಳಿ ಹೋಗುವ ದಿಕ್ಕಿಗೆ ಗುಡಿಸಿ. ಕೊಕ್ಕೆಯನ್ನು ಹಿಡಿಕೆಗೆ ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ಗವಸು ತೊಟ್ಟು ಆಸರೆ ಕೊಟ್ಟು, ಮುಚ್ಚಳವನ್ನು ಕೂದಲೆಳೆಯಷ್ಟೂ ವಾಲಿಸದೆ ನೇರ ಮೇಲಕ್ಕೆತ್ತಿ ಪಕ್ಕಕ್ಕೆ ಸರಿಸಿ. ವಾಲಿತೋ, ಬೂದಿಯೆಲ್ಲ ಅಡ್ಯೆಯ ಮೇಲೆ. ಎಲೆ ಕಂದಾಗಿ ಅಂಚಿನಲ್ಲಿ ಸುರುಟಿರುತ್ತದೆ. ಅದನ್ನು ಎತ್ತಿ ಚಾಕು ಚುಚ್ಚಿದರೆ ಚಾಕುವಿಗೆ ಹಿಟ್ಟು ಅಂಟಬಾರದು. ಅಂಟಿದರೆ ಮುಚ್ಚಿ ಇನ್ನು ಹತ್ತು ನಿಮಿಷ. ಬಿಸಿಬಿಸಿಯಾಗಿ ಕತ್ತರಿಸಲು ಹೋಗಬೇಡಿ, ಪುಡಿಯಾಗುತ್ತದೆ. ಅರ್ಧ ಗಂಟೆ ಆರಲಿ. ಇದೇ 16 ಮತ್ತು 8ರಲ್ಲಿ ಕೇಕು, ಜೋಳದ ಬ್ರೆಡ್ಡು, ಪಾವ್ ಎಲ್ಲವೂ ಬೇಯುತ್ತವೆ.

ಊಟದ ಅಡುಗೆಗೆ ಬಂದರೆ ಬೆಟ್ಟದ ಎತ್ತರವನ್ನು ಮರೆಯಬೇಡಿ. ಲ್ಯಾಸನ್‌ನ ಮಂಜನೀಟಾ ಸರೋವರದ ಕ್ಯಾಂಪು ಸುಮಾರು 1,800 ಮೀಟರ್ ಎತ್ತರದಲ್ಲಿದೆ; ಅಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ. ಯೊಸೆಮಿಟಿಯ ಟುವಾಲಮಿ ಹುಲ್ಲುಗಾವಲು 2,600 ಮೀಟರ್. ಅಲ್ಲಿ 91ರ ಆಸುಪಾಸು. ತೊಗರಿಬೇಳೆ ಅಲ್ಲಿ ಕುದಿಯುತ್ತಲೇ ಇರುತ್ತದೆ, ಬೇಯುವುದಿಲ್ಲ. ಬೇಳೆಯನ್ನು ಮನೆಯ ಕುಕ್ಕರಿನಲ್ಲಿ ಬೇಯಿಸಿ ತಣ್ಣಗೆ ಒಯ್ಯಿರಿ, ಇಲ್ಲವೇ ಹೆಸರುಬೇಳೆಗೆ ಬದಲಿಸಿ. ಬಿಸಿಬೇಳೆ ಬಾತ್ ಮಾಡುವುದಾದರೆ ಹುಣಸೆ ರಸವನ್ನು ಕೊನೆಯಲ್ಲಿ ಹಾಕಿ, ಬೆಂದ ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಿ. ಹುಳಿ ಪದಾರ್ಥ ಹೊತ್ತುಗಟ್ಟಲೆ ಕುಳಿತರೆ ಪಳಗಿದ ಪದರವನ್ನು ತಿನ್ನುತ್ತದೆ, ಅಡುಗೆಗೆ ಕಬ್ಬಿಣದ ರುಚಿ ಬರುತ್ತದೆ. ಬೆಳಗಿನ ತಿಂಡಿಗೆ ಮುಚ್ಚಳವನ್ನು ಬೋರಲು ಮಾಡಿ ಸ್ಟ್ಯಾಂಡಿನ ಮೇಲಿಟ್ಟು ಅಡಿಗೆ ಕೆಂಡ ಹಾಕಿದರೆ ಅದೇ ಕಾವಲಿ. ನಡುವೆ ತುಸು ತಗ್ಗಿರುವುದರಿಂದ ಎಣ್ಣೆ ಅಲ್ಲೇ ನಿಲ್ಲುತ್ತದೆ. ಅಕ್ಕಿ ರೊಟ್ಟಿ ಚೆನ್ನಾಗಿ ಏಳುತ್ತದೆ.

ಬೆಂಕಿಯ ನಿಯಮಗಳಲ್ಲಿ ಮಾತ್ರ ನನ್ನದು ಕಟ್ಟುನಿಟ್ಟು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆ ಬಲಿತಂತೆ ಬೆಂಕಿ ನಿರ್ಬಂಧ ಬರುತ್ತದೆ. ಕಟ್ಟಿಗೆಯ ಜೊತೆ ಇದ್ದಿಲೂ ನಿಷೇಧವಾಗುವುದುಂಟು, ಗ್ಯಾಸ್ ಸ್ಟೌಗೆ ಮಾತ್ರ ಅನುಮತಿ ಉಳಿಯುತ್ತದೆ. ಹೊರಡುವ ಹಿಂದಿನ ದಿನ ಆ ಉದ್ಯಾನದ ಜಾಲತಾಣ ನೋಡಿ, ತಲುಪಿದ ಮೇಲೆ ರೇಂಜರ್ ಅನ್ನು ಕೇಳಿ. ಮೂರು ಕಾಲಿನ ಪಾತ್ರೆ ಗ್ಯಾಸ್ ಸ್ಟೌ ಮೇಲೆ ನೆಟ್ಟಗೆ ಕೂರುವುದಿಲ್ಲ, ಆದ್ದರಿಂದ ಒಂದು ಸಾದಾ ಪಾತ್ರೆಯೂ ಅವಲಕ್ಕಿಯೂ ಜೊತೆಗಿರಲಿ. ಮನೆಯಿಂದ ಕಟ್ಟಿಗೆ ಒಯ್ಯಬೇಡಿ, ಅದರೊಳಗೆ ಮರ ಕೊರೆಯುವ ಹುಳುಗಳೂ ಪ್ರಯಾಣ ಮಾಡುತ್ತವೆ, ಉರಿಸುವಲ್ಲಿಯೇ ಕೊಳ್ಳಿ. ಚಳಿ ಎಂದು ಕೆಂಡವನ್ನು ಡೇರೆಯೊಳಗೆ ಒಯ್ಯಲೇಬಾರದು. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ಮುಗಿದ ಮೇಲೆ ಕೆಂಡಕ್ಕೆ ನೀರು ಸುರಿದು, ಕಲಕಿ, ಮತ್ತೆ ಸುರಿದು, ಹಿಂಗೈ ಹತ್ತಿರ ಹಿಡಿದಾಗ ಬಿಸಿ ತಾಗದಿದ್ದರೆ ಮಾತ್ರ ಮಲಗಲು ಹೋಗಿ.

ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿ ನೋಡುವ ಯೋಚನೆ ಒಳ್ಳೆಯದೇ. ಆದರೆ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬೇಡ, ಅಲ್ಲಿ ಇದ್ದಿಲಿಗೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಹಿತ್ತಿಲಿದ್ದವರು ಬರಿಯ ಕಾಂಕ್ರೀಟಿನ ಮೇಲೂ ಕೆಂಡ ಹರಡಬೇಡಿ, ಕಾಂಕ್ರೀಟು ಸಿಡಿದು ಚೂರೇಳುತ್ತದೆ. ಹಳೆಯ ಲೋಹದ ತಟ್ಟೆಯೊಂದನ್ನು ಇಟ್ಟಿಗೆಗಳ ಮೇಲೆ ಎತ್ತಿ ಇಟ್ಟು ಅದರಲ್ಲಿ ಮಾಡಿ.

ತೊಳೆಯುವುದು ಊಟವಾದ ತಕ್ಷಣ, ಪಾತ್ರೆ ಇನ್ನೂ ಬೆಚ್ಚಗಿರುವಾಗ. ಕಾದ ಬೀಡಿಗೆ ತಣ್ಣೀರು ಸುರಿದರೆ ಟಣ್ ಎಂದು ಸೀಳಿಬಿಡುತ್ತದೆ, ಅದನ್ನು ಬೆಸೆಯುವವರು ಸುಲಭಕ್ಕೆ ಸಿಗುವುದಿಲ್ಲ. ಬಿಸಿ ನೀರು ಹಾಕಿ, ಮರದ ಸಟ್ಟುಗದಿಂದ ಕೆರೆದು, ಬೇಕಿದ್ದರೆ ಎರಡು ಹನಿ ಸೋಪು ಹಾಕಿ. ಸೋಪು ಮುಟ್ಟಿಸಲೇಬಾರದು ಎನ್ನುವ ಮಡಿವಂತಿಕೆಗೆ ಈಗಿನ ಸೋಪುಗಳ ಕಾಲದಲ್ಲಿ ಅರ್ಥವಿಲ್ಲ. ತೊಳೆದ ನೀರನ್ನು ಸರೋವರಕ್ಕೆ ಚೆಲ್ಲಬೇಡಿ, ಕ್ಯಾಂಪಿನ ಚರಂಡಿ ತೊಟ್ಟಿಗೆ ಹಾಕಿ. ಕೆಂಡದ ಮೇಲೆ ಒಂದು ನಿಮಿಷ ಒಣಗಿಸಿ, ಎಣ್ಣೆ ಸವರಿ ಒರೆಸಿ, ರಾತ್ರಿ ಕರಡಿ ಪೆಟ್ಟಿಗೆಯೊಳಗೆ, ಅಂದರೆ ಕರಡಿಗೆ ತೆರೆಯಲಾಗದ ಕ್ಯಾಂಪಿನ ಲೋಹದ ಪೆಟ್ಟಿಗೆಯೊಳಗೆ, ಇಡಿ. ಬೆಲ್ಲದ ವಾಸನೆ ಉಳಿದ ಪಾತ್ರೆಯನ್ನು ಮೇಜಿನ ಮೇಲೆ ಬಿಟ್ಟು ಮಲಗಿದರೆ ಕಪ್ಪು ಕರಡಿಗೆ ಆಮಂತ್ರಣ ಕೊಟ್ಟಂತೆಯೇ.

ಮನೆಗೆ ಬಂದ ಮೇಲೆ ಮುಚ್ಚಳದ ಅಂಚಿಗೆ ಕಾಗದದ ಟವೆಲ್ ಮಡಚಿಟ್ಟು, ಒಳಗೆ ಗಾಳಿಯಾಡುವಂತೆ ಇಡಿ. ಪೂರ್ತಿ ಮುಚ್ಚಿಟ್ಟರೆ ಎಣ್ಣೆ ಕಮಟಾಗುತ್ತದೆ. ಒಂದು ಸಲ ಅಡ್ಯೆ ತಿಂದ ಗೆಳೆಯರು ಪಾತ್ರೆಯನ್ನು ಎರವಲು ಕೇಳಿಯೇ ಕೇಳುತ್ತಾರೆ. ಕೊಡಿ, ಆದರೆ ಒಳಗೊಂದು ಚೀಟಿ ಹಾಕಿ ಕೊಡಿ: ರಾತ್ರಿಯಿಡೀ ನೀರಿನಲ್ಲಿ ನೆನೆಸಬೇಡಿ, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬೇಡಿ, ಕೊಕ್ಕೆಯನ್ನು ಮರೆಯದೆ ವಾಪಸ್ ತನ್ನಿ.